ಎರಡು ಮೊಟ್ಟೆ, ಒಂದು ಮರಿ

ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್ ಎಂಬ ಪುಟಾಣಿ ಹಕ್ಕಿಯ ಗೂಡಿನ ಚಿತ್ರವೊಂದನ್ನು ಇಂದು ಬಹಳ ಹೊತ್ತು ನೋಡುತ್ತಾ ಕುಳಿತೆ. ಜೇಡರ ಬಲೆಯ ಎಳೆಗಳಿಂದ ಬಿಗಿದ ಆ ಪುಟ್ಟ ಬಟ್ಟಲಿನಲ್ಲಿ ಬಟಾಣಿ ಕಾಳಿನಷ್ಟೇ ದೊಡ್ಡದಾದ ಎರಡು ಮೊಟ್ಟೆಗಳಿದ್ದವು. ತಾಯಿಯ ತೂಕವೇ 3 ಗ್ರಾಂ ಮುಟ್ಟುವುದಿಲ್ಲ.

ಕ್ಯೂಬಾ ಇರುವ ಕೆರಿಬಿಯನ್ ಕಡಲಿನಲ್ಲೇ ದೈತ್ಯ ಮಾಂಟಾ ತೊರಕೆಯೂ ಇದೆ. ರೆಕ್ಕೆಯ ತುದಿಯಿಂದ ತುದಿಗೆ 7 ಮೀಟರ್‌ವರೆಗೂ ಬೆಳೆಯುವ ಈ ಮೀನು, ತಲೆಯ ಇಕ್ಕೆಲದ ಮಡಿಕೆಗಳನ್ನು ಬಿಚ್ಚಿ, ಬಾಯಿ ತೆರೆದು ಈಜುತ್ತಲೇ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಹಕ್ಕಿ ಹೂವಿನ ಮುಂದೆ ನಿಲ್ಲಲು ಸೆಕೆಂಡಿಗೆ ಸುಮಾರು 80 ಬಾರಿ ರೆಕ್ಕೆ ಬಡಿಯುತ್ತದೆ. ತೊರಕೆಗೆ ನಿಲ್ಲುವುದೇ ಸಾಧ್ಯವಿಲ್ಲ, ಏಕೆಂದರೆ ಈಜಿದರೆ ಮಾತ್ರ ಅದರ ಕಿವಿರುಗಳಿಗೆ ನೀರು ಹರಿಯುತ್ತದೆ.

ಇವೆರಡರಲ್ಲಿ ನನಗೆ ಹೆಚ್ಚು ಆತಂಕವಿರುವುದು ದೊಡ್ಡದರ ಬಗ್ಗೆ. ಹಕ್ಕಿಯ ಮರಿಗಳು ಕೆಲವೇ ವಾರಗಳಲ್ಲಿ ಹಾರಿಹೋಗುತ್ತವೆ (ಅದರ ಕಾಡೂ ಕರಗುತ್ತಿದೆ ಎಂಬುದನ್ನು ನಾನು ಮರೆತಿಲ್ಲ). ತೊರಕೆಯಾದರೋ ಸುಮಾರು ಒಂದು ವರ್ಷ ಗರ್ಭ ಹೊತ್ತು, ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮುಂದಿನ ಮರಿಗೆ ಹಲವು ವರ್ಷಗಳೇ ಬೇಕಾಗಬಹುದು. ಹೀಗಿರುವಾಗ ಕಿವಿರಿನ ತಟ್ಟೆಗಳನ್ನು ಒಣಗಿಸಿ ಮಾರಲೆಂದೇ ಅದನ್ನು ಹಿಡಿಯುವುದು ನನಗೆ ಸಹಿಸಲಾಗದ ಸಂಗತಿ.