ಲ್ಯೂಮೆನ್ ನೋಡಿ ಲೈಟ್ ತಗೊಂಡು ಕೆಟ್ಟೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಡೈವಿಂಗ್ ಬೋಟಿನಲ್ಲಿ ವೀಡಿಯೊ ತೆಗೆಯುವುದು ನನ್ನ ಕೆಲಸ. ಬರುವವರಲ್ಲಿ ಜಾಸ್ತಿ ಜನ ಮೊದಲ ಸಲ ನೀರಿಗಿಳಿಯುವವರು. ಅವರ ಮುಖ, ಕೈಸನ್ನೆ, ಹಿಂದೆ ನಾಲ್ಕು ಮೀನು, ಅಷ್ಟಿದ್ದರೆ ಖುಷಿ. ಕ್ಯಾಮೆರಾ ಒಲಿಂಪಸ್ ಟಿಜಿ-6. ಹೌಸಿಂಗ್, ಅಂದರೆ ನೀರು ಹೋಗದ ಹೊರಕವಚ, ಇಲ್ಲದೆಯೂ 15 ಮೀಟರ್ ತನಕ ಇಳಿಸಬಹುದು, ಆದರೆ ನಾನು ಆ ಧೈರ್ಯ ಮಾಡುವುದಿಲ್ಲ.

ಮೊದಲ ಸೀಸನ್ ಪೂರ್ತಿ ಲೈಟ್ ಇಲ್ಲದೆ ತೆಗೆದೆ. ಎಲ್ಲರೂ ಪಾಚಿ ಬಣ್ಣಕ್ಕೆ ತಿರುಗಿದ್ದರು. ನೀರು ಮೊದಲು ನುಂಗುವುದೇ ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಹೋಗಿರುತ್ತದೆ, ಹತ್ತು ಮೀಟರಿನಲ್ಲಿ ಲಯನ್ ಫಿಶ್‌ನ ಕೆಂಗಂದು ಪಟ್ಟೆ ಬೂದಿ ಬಳಿದ ಹಾಗೆ ಕಾಣುತ್ತದೆ. ಸರಿ, ಲೈಟ್ ಬೇಕು ಅಂತ ಹುಡುಕಿದೆ. ಲ್ಯೂಮೆನ್ ಅಂಕಿ, ಅಂದರೆ ಒಟ್ಟು ಬೆಳಕಿನ ಅಳತೆ, ಯಾವುದರಲ್ಲಿ ದೊಡ್ಡದೋ ಅದನ್ನೇ ತಗೊಂಡೆ. ಡಬ್ಬಿಯ ಮೇಲೆ ಬೀಮ್ (ಬೆಳಕು ಹರಡುವ ಅಗಲ) 10 ಡಿಗ್ರಿ ಅಂತ ಸಣ್ಣಕ್ಷರದಲ್ಲಿ ಇತ್ತು, ಓದಲಿಲ್ಲ.

ಅದು ಟಾರ್ಚು. ಕಲ್ಲಿನ ಸಂದಿಯಲ್ಲಿ ಈಲ್ ಹುಡುಕಲು, ದೂರದ ಜೊತೆಗಾರನಿಗೆ ಸನ್ನೆ ಮಾಡಲು ಒಳ್ಳೆಯದು. ವೀಡಿಯೊದಲ್ಲಿ ಏನಾಯಿತು ಅಂದರೆ, ಕಸ್ಟಮರ್ ಮೂಗಿನ ಮೇಲೆ ಸುಣ್ಣದ ಉಂಡೆಯಂಥ ಬಿಳಿ, ಸುತ್ತ ಕತ್ತಲೆ, ಕ್ಯಾಮೆರಾ ಆ ಬಿಳಿಗೆ ಹೆದರಿ ಎಕ್ಸ್‌ಪೋಷರ್ ಇಳಿಸಿ ಉಳಿದದ್ದನ್ನೆಲ್ಲ ಇನ್ನೂ ಕಪ್ಪು ಮಾಡಿತ್ತು. ನಮ್ಮ ಡೈವ್ ಮಾಸ್ಟರ್ ಬೋಟಿನಲ್ಲೇ ನೋಡಿ, "ಎಂತ ಮಾರಾಯ ಇದು, ಕಳ್ಳನ ಮುಖಕ್ಕೆ ಬ್ಯಾಟರಿ ಬಿಟ್ಟ ಹಾಗಿದೆ" ಎಂದ.

ಈಗ ಯಾವ ಲೈಟ್ ಬಂದರೂ ಮೊದಲು ರಾತ್ರಿ ರೂಮಿನ ಬಿಳಿ ಗೋಡೆಗೆ ಬಿಟ್ಟು ನೋಡುತ್ತೇನೆ. ನಡುವೆ ಚುಕ್ಕೆ ಕಂಡರೆ ಬೇಡ. ಅಂಚಿನವರೆಗೂ ಒಂದೇ ಸಮ ಹರಡಬೇಕು. 120 ಡಿಗ್ರಿ ಅಂತ ಬರೆದಿದ್ದರೂ ಮುಂದಿನ ಗಾಜು ಚಪ್ಪಟೆ ಇದ್ದರೆ ನೀರಿನಲ್ಲಿ ಅದು 80ರ ಹತ್ತಿರಕ್ಕೆ ಕುಗ್ಗುತ್ತದೆ, ಅದಕ್ಕೇ ಅಗಲ ಇದ್ದಷ್ಟೂ ಒಳ್ಳೆಯದು. ನನ್ನದು ಈಗ 2500 ಲ್ಯೂಮೆನ್. ಹಳೆ ಟಾರ್ಚಿನ ಹಾಗೆ ಕಣ್ಣು ಕುಕ್ಕುವುದಿಲ್ಲ, ಸುಮ್ನೆ ಹರಡುತ್ತದೆ.

ಇಡುವ ಜಾಗದಲ್ಲೂ ಎಡವಿದ್ದೆ. ಹಿಡಿಯಲು ಸುಲಭ ಅಂತ ಲೆನ್ಸ್ ಪಕ್ಕದಲ್ಲೇ ಸಿಕ್ಕಿಸಿದ್ದೆ. ನೀರು ಕದಡಿದ ದಿನ ಪರದೆ ತುಂಬ ಬಿಳಿ ಹುಡಿ. ಗೇರುಸೊಪ್ಪ ಘಾಟಿಯಲ್ಲಿ ಮಂಜಿಗೆ ಹೈ ಬೀಮ್ ಹಾಕಿದರೆ ಏನಾಗುತ್ತದೆ ಗೊತ್ತಲ್ವಾ, ಅದೇ. ಈಗ ಒಂದು ಮೊಳದ ಆರ್ಮ್ ಹಾಕಿ ಲೈಟನ್ನು ಪಕ್ಕಕ್ಕೆ ದೂರ ಇಟ್ಟು, ತುಸು ಹೊರಕ್ಕೆ ತಿರುಗಿಸುತ್ತೇನೆ. ಬೆಳಕಿನ ಅಂಚಷ್ಟೇ ಮೀನಿಗೆ ತಾಗಬೇಕು. ನಡುವಿನ ನೀರು ಬೆಳಗದಿದ್ದರೆ ಹುಡಿಯೂ ಕಮ್ಮಿ.

ಎಷ್ಟೇ ದುಡ್ಡು ಸುರಿದರೂ ಇಷ್ಟು ಚಿಕ್ಕ ಲೈಟಿನಿಂದ ಒಳ್ಳೆ ಬಣ್ಣ ಸಿಗುವುದು ಒಂದು ಮೀಟರಿನ ಆಸುಪಾಸು. ಬೆಳಕು ಮೀನಿನ ತನಕ ಹೋಗಿ ವಾಪಸ್ ಬರಬೇಕು, ಹೋಗುವಾಗಲೂ ಬರುವಾಗಲೂ ನೀರು ಕೆಂಪನ್ನು ತಿನ್ನುತ್ತದೆ. ದೂರದಲ್ಲಿ ಮೀನಿನ ಹಿಂಡು ಬಂದರೆ ಲೈಟ್ ಆರಿಸಿಬಿಡುತ್ತೇನೆ, ಆ ಆಳದಲ್ಲೇ ಬಿಳಿ ಸ್ಲೇಟ್ ತೋರಿಸಿ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಯಾವುದು ಅನ್ನುವ ಕ್ಯಾಮೆರಾದ ಲೆಕ್ಕ, ಹೊಂದಿಸಿ ತೆಗೆಯುತ್ತೇನೆ. ಆಮೇಲೆ ಹತ್ತಿರದ ಶಾಟಿಗೆ ಲೈಟ್ ಹಾಕುವಾಗ ಅದನ್ನು ಬದಲಿಸಲು ಮರೆತರೆ ಮುಖವೆಲ್ಲ ಓಕುಳಿ. ಲೆನ್ಸಿಗೆ ಕೆಂಪು ಫಿಲ್ಟರ್ ಇಟ್ಟುಕೊಂಡು ಲೈಟ್ ಹಾಕಿದರೂ ಅದೇ ಕಥೆ.

ಎರಡು ಲೈಟ್ ಬೇಕಾ ಅಂತ ಹೊಸ ಹುಡುಗರು ಕೇಳುತ್ತಾರೆ. ಇದ್ದರೆ ನೆರಳು ಮೆತ್ತಗಾಗುತ್ತದೆ, ನಿಜ. ಆದರೆ ಸೆಳೆತ ಇರುವ ದಿನ ಕ್ಯಾಮೆರಾ, ಲೈಟ್ ಎಲ್ಲ ಕೂರಿಸಿದ ಅಷ್ಟಗಲದ ಟ್ರೇ ಹಿಡಿದು ಕಸ್ಟಮರ್ ಹಿಂದೆ ಈಜಿ ನೋಡಿ, ಒಂದೇ ಸಾಕು ಅನ್ನಿಸುತ್ತದೆ. ಮಿಕ್ಕ ದುಡ್ಡಿಗೆ ಇನ್ನೊಂದು ಬ್ಯಾಟರಿ ತಗೊಳ್ಳಿ. ಫುಲ್ ಬೆಳಕಿನಲ್ಲಿ ನನ್ನದು ಮುಕ್ಕಾಲು ಗಂಟೆ ಬರುತ್ತದೆ, ಎರಡನೇ ಬ್ಯಾಚ್ ಇಳಿಯುವ ಹೊತ್ತಿಗೆ ಬದಲಿಸಲೇಬೇಕು. ಬದಲಿಸುವಾಗ ಕೈ, ತಲೆ ಎರಡೂ ಒರೆಸಿಕೊಂಡು ಕೂತುಕೊಳ್ಳಿ. ಆ ಹಳೆ ಟಾರ್ಚಿನ ಓ-ರಿಂಗಿನಲ್ಲಿ (ನೀರು ತಡೆಯುವ ರಬ್ಬರ್ ಬಳೆ) ನನ್ನದೇ ಒಂದು ಕೂದಲು ಸಿಕ್ಕಿಕೊಂಡು, ಮುಂದಿನ ಡೈವ್‌ನಲ್ಲಿ ಒಳಗೆ ಅರ್ಧ ಲೋಟ ಸಮುದ್ರ ತುಂಬಿತ್ತು.