ಹ್ಯಾಂಡೋವರ್ ಕೊಟ್ಟೂ ಮನೆಗೆ ಹೋಗದವಳು

ಮನೆಯಲ್ಲಿ ಒಬ್ಬ ನರ್ಸ್ ಇದ್ದರೆ ಉಳಿದವರಿಗೆಲ್ಲ ಧೈರ್ಯ. ಯಾರಿಗೆ ಜ್ವರ ಬರಲಿ, ಯಾರ ಸಕ್ಕರೆ ಏರಲಿ, ಮೊದಲ ಫೋನು ನನಗೇ. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದವಳಿಗೆ ಅದು ರೂಢಿಯಾಗಿತ್ತು, ಒಳಗೊಳಗೆ ಹಿತವೂ ಆಗಿತ್ತು. ಹಾಗಾಗಿ ಅಪ್ಪನಿಗೆ ಉಸಿರು ಕಟ್ಟಿ ಬೆಟಗೇರಿಯಿಂದ ಹುಬ್ಬಳ್ಳಿಗೆ ಕರೆತಂದ ರಾತ್ರಿ, ಹಾಸಿಗೆಯ ಪಕ್ಕ ಯಾರು ಕೂರಬೇಕು ಎಂಬ ಮಾತೇ ಏಳಲಿಲ್ಲ.

ಅಪ್ಪನಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ, ವರ್ಷಗಟ್ಟಲೆ ಕಾಡುವ ಕಾಯಿಲೆ. ಬೀಡಿಯದು ಅರ್ಧ ಪಾಲು, ಮಗ್ಗದ ಕೋಣೆಯ ಧೂಳಿನದು ಇನ್ನರ್ಧ. ಈ ಕಾಯಿಲೆಯಲ್ಲಿ ಹೊರಗಿನವರಿಗೆ ಸುಲಭವಾಗಿ ತಿಳಿಯದ ಒಂದು ಸೂಕ್ಷ್ಮವಿದೆ. ಆರೋಗ್ಯವಂತರ ಆಕ್ಸಿಜನ್ ಮಟ್ಟ ಸಾಮಾನ್ಯವಾಗಿ 95ರ ಮೇಲಿರುತ್ತದೆ. ಸಿಒಪಿಡಿ ಉಲ್ಬಣಿಸಿ ಬಂದವರಲ್ಲಿ ಅದನ್ನು 88ರಿಂದ 92ರ ನಡುವೆ ಇರುವಂತೆ ನೋಡಿಕೊಳ್ಳುತ್ತೇವೆ. ಹೆಚ್ಚು ಆಕ್ಸಿಜನ್ ಕೊಟ್ಟರೆ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್, ಅಂದರೆ ಸಿಒ2, ಏರುತ್ತದೆ. ರೋಗಿ ಮಂಕಾಗುತ್ತಾರೆ, ತೂಕಡಿಸುತ್ತಾರೆ, ಎಬ್ಬಿಸಿದರೂ ಏಳದಂತಾಗುತ್ತಾರೆ. 'ಸಿಸ್ಟರ್, 89 ಐತ್ರಿ, ಸ್ವಲ್ಪ ಜಾಸ್ತಿ ಮಾಡ್ರಿ' ಎಂದು ಅಂಗಲಾಚುವ ಮನೆಯವರಿಗೆ ಇದನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ. ಆ ರಾತ್ರಿ ಅಪ್ಪನ ಮಾನಿಟರಿನಲ್ಲಿ 89 ಕಂಡಾಗ ನನ್ನ ಕೈ ತಾನಾಗಿ, ಆಕ್ಸಿಜನ್ ಹೆಚ್ಚು ಕಡಿಮೆ ಮಾಡುವ ಗೋಡೆಯ ಫ್ಲೋಮೀಟರಿನ ಕಡೆ ಹೋಯಿತು. ಮುಟ್ಟಲಿಲ್ಲ. ಹೋದದ್ದಂತೂ ಹೌದು.

ಬೈಪ್ಯಾಪ್ ಹಾಕಿದ್ದರು. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್, ತಲೆಯ ಹಿಂದೆ ಬಿಗಿದ ಪಟ್ಟಿ, ಪ್ರತಿ ಉಸಿರಿಗೂ ಗಾಳಿ ನೂಕುವ ಯಂತ್ರ. ಪಟ್ಟಿ ಸಡಿಲವಾದರೆ ಗಾಳಿ ಸೋರುತ್ತದೆ, ಬಿಗಿಯಾದರೆ ಮೂಗಿನ ದಂಡೆಯ ಮೇಲೆ ಹುಣ್ಣಾಗುತ್ತದೆ. ಅಲ್ಲಿಗೆ ಡ್ರೆಸ್ಸಿಂಗ್ ಪಟ್ಟಿ ಕತ್ತರಿಸಿ ಅಂಟಿಸುವುದು, ತುಟಿಗೆ ಹನಿ ನೀರು ಹಚ್ಚುವುದು, ರಕ್ತದ ಗ್ಯಾಸ್ ರಿಪೋರ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು, ಡ್ಯೂಟಿ ಸಿಸ್ಟರ್ ಬರುವ ಮೊದಲೇ ಡ್ರಿಪ್ ನೋಡುವುದು, ಎಲ್ಲ ನಾನೇ. ಪಾಪ, ಆ ಹುಡುಗಿ ಮುಖ ಗಂಟಿಕ್ಕದೆ ಸಹಿಸಿಕೊಂಡಳು. ನನ್ನ ವಾರ್ಡಿಗೆ ನನ್ನಂಥ ಮಗಳೊಬ್ಬಳು ಬಂದಿದ್ದರೆ ನಾನು ಅಷ್ಟು ಸಹಿಸುತ್ತಿರಲಿಲ್ಲ.

ಪ್ರಾರ್ಥನೆ ಮಾಡುತ್ತಿರಲಿಲ್ಲವೆಂದಲ್ಲ, ಗಂಟೆಗೊಮ್ಮೆ ಮಾಡುತ್ತಿದ್ದೆ. ಆದರೆ ಅದರ ಧಾಟಿ ನಮ್ಮ ಹ್ಯಾಂಡೋವರಿನದಾಗಿತ್ತು. ಪಾಳಿ ಮುಗಿದಾಗ ಮುಂದಿನ ಸಿಸ್ಟರಿಗೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಒಪ್ಪಿಸುತ್ತೇವಲ್ಲ: ಹೆಸರು, ಕಾಯಿಲೆ, ಕೊಟ್ಟ ಔಷಧಿ, ಬರಬೇಕಾದ ರಿಪೋರ್ಟು, ಎಚ್ಚರವಹಿಸಬೇಕಾದ ವಿಷಯ. ಹಾಗೆಯೇ, 'ಕರ್ತನೇ, ಅಪ್ಪನ ಸಿಒ2 ಅರವತ್ತೆಂಟು ಇದೆ, ಅದು ಇಳಿಯಲಿ, ಕಫ ಸಡಿಲಾಗಲಿ, ಮೂತ್ರ ಸರಿಯಾಗಿ ಬರಲಿ' ಎಂದು ಒಪ್ಪಿಸುತ್ತಿದ್ದೆ. ಒಂದೇ ವ್ಯತ್ಯಾಸ. ಆಸ್ಪತ್ರೆಯಲ್ಲಿ ಹ್ಯಾಂಡೋವರ್ ಕೊಟ್ಟವಳು ಚಪ್ಪಲಿ ಮೆಟ್ಟಿ ಮನೆಗೆ ಹೋಗುತ್ತಾಳೆ. ನಾನು ಆಮೆನ್ ಹೇಳಿ ಮತ್ತೆ ಅದೇ ಕುರ್ಚಿಯಲ್ಲಿ ಕೂತು ಮಾನಿಟರ್ ನೋಡುತ್ತಿದ್ದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ದೇವರ ಮೇಲೆ ಆತುಕೊಳ್ಳುವುದೆಂದರೆ ಔಷಧಿ ಬಿಡುವುದು ಎಂದು ಬೋಧಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪ್ರಾರ್ಥನಾ ಕೂಟದಲ್ಲಿ 'ಸ್ವಸ್ಥತೆ' ಸಿಕ್ಕಿತೆಂದು ಇನ್ಸುಲಿನ್ ನಿಲ್ಲಿಸಿ, ಪ್ರಜ್ಞೆಯಿಲ್ಲದೆ ಬಂದವರಿಗೆ ಡ್ರಿಪ್ ಚುಚ್ಚಿದ ಕೈ ನನ್ನದು. ಅವರು ಎತ್ತಿ ತೋರಿಸುವುದು ಯೆಹೂದದ ರಾಜನಾದ ಆಸ ಎಂಬವನ ಕಥೆಯನ್ನು. ಕಾಲಿನ ರೋಗ ಬಂದಾಗ ಅವನು ಯೆಹೋವನನ್ನು ಬಿಟ್ಟು ವೈದ್ಯರ ಬಳಿ ಹೋದ ಎಂದು ಎರಡನೆಯ ಪೂರ್ವಕಾಲವೃತ್ತಾಂತದ 16ನೇ ಅಧ್ಯಾಯದಲ್ಲಿದೆ, ಸರಿ. ಆದರೆ ಅದೇ ಸತ್ಯವೇದದಲ್ಲಿ ರಾಜ ಹಿಜ್ಕೀಯನ ಹುಣ್ಣಿಗೆ ಅಂಜೂರದ ಹಣ್ಣಿನ ಪಟ್ಟು ಕಟ್ಟಿಸಿದವನು ಪ್ರವಾದಿ ಯೆಶಾಯನೇ. ಪೌಲನ ಸಂಗಾತಿ ಲೂಕನು ವೈದ್ಯ. ಹೊಟ್ಟೆಯ ತೊಂದರೆಯಿದ್ದ ತಿಮೊಥೆಯನಿಗೆ ಪೌಲ ಬರೀ ನೀರು ಕುಡಿಯುವುದನ್ನು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಆಸನ ಕಥೆಯನ್ನು ಅಧ್ಯಾಯದ ಮೊದಲಿನಿಂದ ಓದಿದರೆ, ವೈದ್ಯರು ಬರುವುದಕ್ಕೆ ಬಹಳ ಮುಂಚೆಯೇ ಅವನ ಆಸರೆ ಬೇರೆ ಕಡೆ ವಾಲಿದ್ದು ಕಾಣುತ್ತದೆ. ಇಸ್ರಾಯೇಲಿನ ಅರಸನನ್ನು ತಡೆಯಲು ದೇವಾಲಯದ ಬೆಳ್ಳಿಬಂಗಾರ ತೆಗೆದು ಅರಾಮಿನ ರಾಜನಿಗೆ ಕಳಿಸಿದವನು ಅವನು. ಲೆಕ್ಕಾಚಾರದಲ್ಲಿ ಆ ಉಪಾಯ ಗೆದ್ದಿತು ಕೂಡ. ಗೆದ್ದದ್ದೇ ಅವನಿಗೆ ಮುಳುವಾಯಿತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹಾಗಾಗಿ ಬೈಪ್ಯಾಪಾಗಲಿ ಆ್ಯಂಟಿಬಯಾಟಿಕ್ಕಾಗಲಿ ನನ್ನ ನಂಬಿಕೆಗೆ ಅಡ್ಡ ಬಂದಿರಲಿಲ್ಲ. ಅಡ್ಡ ಬಂದದ್ದು ಆ ಕುರ್ಚಿ.

ಎರಡು ಮೂರು ರಾತ್ರಿ ಕಳೆದ ಮೇಲೆ ಚಿಗವ್ವ ಬಂದಳು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬಗಲಲ್ಲಿ ಹಾಸಿಕೊಳ್ಳಲು ಕೌದಿ. ನನ್ನನ್ನು ಒಮ್ಮೆ ನೋಡಿದಳು, ಅಪ್ಪನನ್ನು ಒಮ್ಮೆ.

'ಏಳವಾ, ಹೋಗಿ ಮಕ್ಕೋ. ಇವತ್ತ ನಾ ಕುಂದರತೀನಿ.'

'ಚಿಗವ್ವಾ, ನಿನಗ ಈ ಮಾನಿಟರ್ ತಿಳಿಯಂಗಿಲ್ಲ.'

'ಆ ಟಿವಿ ನನಗ ತಿಳಿಯಂಗಿಲ್ಲ ಖರೆ. ಅವನ ಮಾರಿ ತಿಳಿತೈತಿ. ಏನರ ಆತಂದ್ರ ಸಿಸ್ಟರ್‌ನ ಕರೀತೀನಿ, ಅವ್ರು ಇರೂದು ಮತ್ಯಾಕ?'

ವಾದ ಮಾಡಿದೆ. ಅಲಾರಂ ಯಾವುದು, ಮಾಸ್ಕ್ ಸರಿದರೆ ಏನು, ಎಲ್ಲ ಹೇಳಿದೆ. ಅವಳು ಹೂಂಗುಟ್ಟುತ್ತ ಕೌದಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಓದು ಬರದ ಹೆಂಗಸು. ಕೀರ್ತನೆಗಳೆಲ್ಲ ಅವಳಿಗೆ ಕಿವಿಯಿಂದ ಬಂದವು, ಬೆಟಗೇರಿಯ ಗುಡಿಯಲ್ಲಿ ಹಾಡಿ ಹಾಡಿ ಬಾಯಿಪಾಠವಾದವು. ಕುರ್ಚಿಯಲ್ಲಿ ಕೂತವಳೇ ಅಪ್ಪನ ಪಾದ ತನ್ನ ಮಡಿಲಿಗೆ ಎತ್ತಿಕೊಂಡು ತಿಕ್ಕತೊಡಗಿದಳು. ಅಷ್ಟು ದಿನ ಅಪ್ಪನ ಪಾದವನ್ನು ನಾನು ಬಾವು ಇದೆಯೇ ಎಂದು ಒತ್ತಿ ನೋಡಲು ಮಾತ್ರ ಮುಟ್ಟಿದ್ದೆ.

ಮೆಟ್ಟಿಲ ಕೆಳಗೆ, ರೋಗಿಗಳ ಕಡೆಯವರು ಮಲಗುವ ಜಾಗದಲ್ಲಿ ಕೌದಿ ಹಾಸಿದೆ. ಆಗ ಮಾಡಿದ ಪ್ರಾರ್ಥನೆಯಲ್ಲಿ ಅಂಕಿ ಒಂದೂ ಇರಲಿಲ್ಲ. 'ಅವರು ನಿನ್ನವರು' ಎಂದೆನೋ ಏನೋ, ಅದಕ್ಕಿಂತ ಹೆಚ್ಚು ನೆನಪಿಲ್ಲ. ಬೆಳಿಗ್ಗೆ ಕಸ ಗುಡಿಸುವವರು ಕಾಲಿಗೆ ಪೊರಕೆ ತಾಗಿಸಿ ಎಬ್ಬಿಸುವ ತನಕ ಎಚ್ಚರವಾಗಲಿಲ್ಲ.

ಮೇಲೆ ಓಡಿದೆ. ರಾತ್ರಿ ಅಪ್ಪ ಮಾಸ್ಕ್ ಕಿತ್ತು ಹಾಕಿದ್ದರಂತೆ. ಚಿಗವ್ವ ಕೂಗಿದ್ದಾಳೆ, ಸಿಸ್ಟರ್ ಬಂದು ಬೇರೆ ಸೈಜಿನ ಮಾಸ್ಕ್ ಹಾಕಿದ್ದಾಳೆ, ಅದು ಮೊದಲಿನದಕ್ಕಿಂತ ಚೆನ್ನಾಗಿ ಕೂತಿದೆ. ಬೆಳಗಿನ ರಕ್ತದ ಗ್ಯಾಸ್ ರಿಪೋರ್ಟಿನಲ್ಲಿ ಸಿಒ2 ಇಳಿದಿತ್ತು. ಇದನ್ನು ಸಾಕ್ಷಿ ಕೂಟದಲ್ಲಿ ಹೇಳುವ ರೀತಿಯಲ್ಲಿ, ನಾನು ಬಿಟ್ಟುಕೊಟ್ಟೆ, ದೇವರು ಇಳಿಸಿದ ಎಂದು ಹೇಳಲು ನನಗೆ ಮನಸ್ಸಿಲ್ಲ. ಔಷಧಿ ಹಿಡಿಯುವ ಹೊತ್ತಿಗೆ ಹಿಡಿದಿತ್ತು, ನಾನು ಎದ್ದು ಕೂತಿದ್ದರೂ ಇಳಿಯುತ್ತಿತ್ತು. ಮಾಸ್ಕ್ ಬದಲಿಸುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ಮಾಸ್ಕ್ ತೆಗೆದು ಅಪ್ಪ ಗಂಜಿ ಕುಡಿಯುವಷ್ಟಾದ ದಿನ, ಅರ್ಧರ್ಧ ವಾಕ್ಯದಲ್ಲಿ, ಉಸಿರು ಎಳೆದುಕೊಳ್ಳುತ್ತ ಹೇಳಿದರು: 'ನೀ ಮಕ್ಕೊಂಡಿದ್ದು ಛಲೋ ಆತು ನೋಡವಾ. ನೀ ಆ ಡಬ್ಬಿ ನೋಡಾಕಿ, ನಾ ನಿನ್ನ ಮಾರಿ ನೋಡಾಂವ. ನಿನ್ನ ಮಾರಿ ಸಣ್ಣದಾತಂದ್ರ ನನಗ ಎದಿ ಧಸ್ ಅಂತಿತ್ತು. ಹೆಂಗ ನಿದ್ದಿ ಬರಬೇಕು?'

ಉಸಿರಿನ ತೊಂದರೆಯಲ್ಲಿ ಗಾಬರಿ ಎಷ್ಟು ಕೆಟ್ಟದ್ದೆಂದು ನರ್ಸಿಂಗ್ ಕಲಿಯುವ ಮಕ್ಕಳಿಗೂ ಗೊತ್ತು. ಗಾಬರಿಯಾದಷ್ಟೂ ಉಸಿರು ಚುಟುಕಾಗುತ್ತದೆ, ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಮರುವರ್ಷ ಮಳೆಗಾಲದಲ್ಲಿ ಮತ್ತೆ ಅಡ್ಮಿಟ್. ಈ ಸಲ ಪಾಳಿ ಹಾಕಿಕೊಂಡೆವು: ಹಗಲು ಚಿಗವ್ವ, ಸಂಜೆ ನಾನು, ರಾತ್ರಿ ತಮ್ಮ. ಟ್ಯೂಬ್ ಹಾಕಿ ವೆಂಟಿಲೇಟರಿಗೆ ಕೊಡುವುದು ಬೇಡ ಎಂದು ಅಪ್ಪನೇ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿದ್ದರು. ಒಂಬತ್ತಕ್ಕೆ ತಮ್ಮನಿಗೆ ಒಪ್ಪಿಸಿ ಮನೆಗೆ ಹೋಗುತ್ತಿದ್ದೆ. ಅಪ್ಪ ಹೋದದ್ದು ತಮ್ಮನ ಪಾಳಿಯಲ್ಲಿ, ನಸುಕಿನಲ್ಲಿ. ಆಗ ನಾನು ನಿದ್ದೆಯಲ್ಲಿದ್ದೆ.

ಮಣ್ಣಿಗೆ ಬಂದವರಲ್ಲಿ ಒಬ್ಬರು ಕೇಳಿಯೇ ಬಿಟ್ಟರು, 'ನೀ ಅಲ್ಲೇ ಇದ್ದಿದ್ರ ಉಳೀತಿದ್ರೇನವಾ?' ಅವರದು ಕೆಟ್ಟ ಮನಸ್ಸಲ್ಲ. ಉಳಿಯುತ್ತಿರಲಿಲ್ಲ ಎಂದೆ. ಅಷ್ಟು ನರ್ಸಿಂಗ್ ನನಗೆ ಗೊತ್ತು. ಹಿಂದಿನ ವರ್ಷ ಹೀಗಾಗಿದ್ದರೆ ಅದೇ ಉತ್ತರವನ್ನು ನನ್ನಿಂದ ನಂಬಲಾಗುತ್ತಿರಲಿಲ್ಲ. ಸಮಾಧಿಯ ಬಳಿ ಪಾಸ್ಟರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯ ಓದಿದರು. ಆಸ್ಯ ಸೀಮೆಯಲ್ಲಿ ಜೀವದ ಆಸೆಯನ್ನೇ ಬಿಡುವಷ್ಟು ಕಷ್ಟ ಬಂತು ಎನ್ನುವ ಪೌಲ, ಅದು ಬಂದದ್ದು ನಾವು ನಮ್ಮನ್ನು ನೆಚ್ಚಿಕೊಳ್ಳದೆ ಸತ್ತವರನ್ನು ಎಬ್ಬಿಸುವ ದೇವರನ್ನು ನೆಚ್ಚಿಕೊಳ್ಳಲೆಂದು ಬರೆಯುತ್ತಾನೆ. ಸಾಯದಂತೆ ತಡೆಯುವ ದೇವರನ್ನು ಎಂದು ಅಲ್ಲಿ ಬರೆದಿಲ್ಲ. ನನ್ನ ತಮ್ಮ ಪಕ್ಕದಲ್ಲಿ ಅಳುತ್ತಿದ್ದ. ನಸುಕಿನಲ್ಲಿ ಏನೇನಾಯಿತೆಂದು ಅವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮನೆಗೆ ಬಂದ ಮೇಲೆ ಅವನೇ ಹೇಳಿದ: ಮಾಸ್ಕ್ ತೆಗಿ ಎಂದು ಅಪ್ಪ ಸನ್ನೆ ಮಾಡಿದರಂತೆ, ಸಿಸ್ಟರನ್ನು ಕೇಳಿ ತೆಗೆದನಂತೆ, ಚಹಾ ಬೇಕೆಂದರಂತೆ. ಎರಡು ಚಮಚೆ ಕುಡಿದು, ಸಕ್ಕರೆ ಕಡಿಮೆಯಾಗಿದೆ ಎಂದು ಬೈದರಂತೆ.