ಮಾಲು ಯುರೋಪಿಗೆ, ಬಿಲ್ಲು ದುಬೈಗೆ

ಹುಬ್ಬಳ್ಳಿಯ ನಮ್ಮ ಆಡಿಟ್ ಆಫೀಸಿಗೆ ಆರ್ಟಿಕಲ್‌ಶಿಪ್‌ಗೆ ಅಂದರೆ ಸಿಎ ತರಬೇತಿಗೆ ಬರುವ ಹುಡುಗರಿಗೆ ತೆರಿಗೆ ಸ್ವರ್ಗ ಅಂದರೆ ಸ್ವಿಸ್ ಬ್ಯಾಂಕು, ಪನಾಮಾ. ನಾನು ಅವರ ಮುಂದೆ ರಫ್ತಿನ ಫೈಲು ಇಡುತ್ತೇನೆ.

ಮಾಲು ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಬಣ್ಣ, ಖಾರದ ಗಟ್ಟಿ ಸಾರ, ಓಲಿಯೋರೆಸಿನ್. ಹಡಗಿನವರು ಕೊಡುವ ಸರಕು ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್ ಪ್ರಕಾರ ಅದು ಇಳಿಯುವುದು ಯುರೋಪಿನ ಬಂದರು ರಾಟರ್‌ಡ್ಯಾಮಿನಲ್ಲಿ. ಇನ್‌ವಾಯ್ಸ್ ಮಾತ್ರ ದುಬೈಯ ತೆರಿಗೆ ರಿಯಾಯಿತಿ ವಲಯವಾದ ಫ್ರೀ ಝೋನ್‌ನ ಕಂಪನಿ ಹೆಸರಿಗೆ. ಇಷ್ಟಕ್ಕೇ ಕಳ್ಳ ವ್ಯವಹಾರ ಅನ್ನಲಾಗದು, ನಡುವಿನವರಿಗೆ ಬಿಲ್ ಮಾಡುವುದು ಕಾನೂನಿಗೆ ವಿರುದ್ಧವಲ್ಲ. ನೋಡಬೇಕಾದ್ದು ದರ. ಯುರೋಪಿನಲ್ಲಿ 100 ರೂಪಾಯಿ ಬಾಳುವ ಮಾಲಿಗೆ ಇಲ್ಲಿ 70ರ ಬಿಲ್ ಹರಿದರೆ, ದುಬೈ ಕಂಪನಿ ಯುರೋಪಿನವರಿಗೆ 100ರ ಬಿಲ್ ಹಾಕುತ್ತದೆ. ನಡುವಿನ 30ರ ಲಾಭ ಇಲ್ಲಿಯ ತೆರಿಗೆಗೆ ಸಿಗದೆ ದುಬೈಯಲ್ಲೇ ಉಳಿಯಿತು. ಸಾಮಾನ್ಯ ವ್ಯಾಪಾರಿ ಕಂಪನಿಯ ಲಾಭಕ್ಕೆ 2023ರ ತನಕ ದುಬೈಯಲ್ಲಿ ತೆರಿಗೆಯೇ ಇರಲಿಲ್ಲ. ಈಗ ಶೇ 9, ಫ್ರೀ ಝೋನ್‌ಗೆ ಮತ್ತೆ ವಿನಾಯಿತಿಗಳುಂಟು.

“ಆ ಕಂಪನಿ ಯಾರದ್ರೀ?” ಅಂದರೆ “ನಮ್ಮ ಗುರ್ತಿನವರದ ಐತ್ರಿ ಸರ್ರ” ಅನ್ನುತ್ತಾರೆ ರಫ್ತುದಾರರು. ನನ್ನ ಕೆಲಸ ಶುರುವಾಗುವುದೇ ಆಗ.

ಹೊರಗುಳಿದ ದುಡ್ಡು ಸುಮ್ಮನೆ ಕೂರುವುದಿಲ್ಲ. ಇನ್ನೆರಡು ಕಂಪನಿ ದಾಟಿ, ಮೈತೊಳೆದುಕೊಂಡು, ‘ವಿದೇಶಿ ಹೂಡಿಕೆ’ಯಾಗಿ ವಾಪಸ್ ಬರಬಹುದು. ಪುಟ್ಟ ಮಾರಿಷಸ್ ಹಲವು ವರ್ಷ ಭಾರತಕ್ಕೆ ಅತಿ ಹೆಚ್ಚು ನೇರ ಹೂಡಿಕೆ ತಂದ ದೇಶವಾಗಿತ್ತು. ಅದರಲ್ಲಿ ನಮ್ಮದೇ ದುಡ್ಡೆಷ್ಟು ಎಂಬ ಅನುಮಾನ ಹಳೆಯದು. ಅಲ್ಲಿಂದ ಬಂದು ಷೇರು ಮಾರಿದ ಲಾಭಕ್ಕೆ ಇಲ್ಲಿ ತೆರಿಗೆ ಬಿದ್ದದ್ದು 2016ರಲ್ಲಿ ಎರಡೂ ದೇಶಗಳ ತೆರಿಗೆ ಒಪ್ಪಂದ ತಿದ್ದಿದ ಮೇಲೆ, ಅದೂ 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳಿಗೆ. ಆಫ್ರಿಕಾದ ಪಾಡು ಇನ್ನೂ ಕಷ್ಟ. ಅಕ್ರಮವಾಗಿ ಆ ಖಂಡ ಬಿಟ್ಟು ಹೋಗುವ ದುಡ್ಡು ವರ್ಷಕ್ಕೆ 8,860 ಕೋಟಿ ಡಾಲರ್ ಎಂದು ವಿಶ್ವಸಂಸ್ಥೆಯ ವ್ಯಾಪಾರ-ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ 2020ರಲ್ಲಿ ಅಂದಾಜಿಸಿತು. ಅದರ ದೊಡ್ಡ ಪಾಲು ಚಿನ್ನದಂಥ ಖನಿಜಗಳ ರಫ್ತಿನಿಂದ. ದರ ಇಳಿಸಿ ಬಿಲ್ ಹರಿಯುವ ಇದೇ ಆಟ.

ತೆರಿಗೆ ಉಳಿಸಿದವನು ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಟೆಂಡರಿನಲ್ಲಿ ನಾಲ್ಕು ಕಾಸು ಹೆಚ್ಚು ಕೂಗಿದರೆ ರೈತನಿಗೆ ಒಳ್ಳೇದೇ ಅಲ್ಲವೇ ಎಂದು ಒಬ್ಬರು ನನ್ನ ಜೊತೆ ವಾದಕ್ಕೆ ಬಿದ್ದಿದ್ದರು. ಒಂದು ಹಂಗಾಮಿಗೆ ಇರಬಹುದು. ನೆಟ್ಟಗೆ ತೆರಿಗೆ ಕಟ್ಟುವವನು ಆ ದರಕ್ಕೆ ಕೊಳ್ಳಲಾಗದೆ ಹಿಂದೆ ಸರಿದ ಮೇಲೆ, ಉಳಿದ ನಾಲ್ಕು ಜನ ಹೇಳಿದ್ದೇ ದರ.

ದರ ತಾಳೆಯಾಗದಿದ್ದರೆ ನಾವೀಗ ಹೊರದೇಶದ ಕಂಪನಿಯ ಪಾಲುದಾರರ ಪಟ್ಟಿ ಕೇಳುತ್ತೇವೆ. ಶೇ 10ಕ್ಕಿಂತ ಹೆಚ್ಚು ಪಾಲಿರುವವರೆಲ್ಲ ಅದರಲ್ಲಿ ಬರಬೇಕು. ಅಕ್ರಮ ಹಣ ತಡೆ ನಿಯಮದಲ್ಲಿ ಕಂಪನಿಯ ನಿಜ ಮಾಲೀಕರನ್ನು ಗುರುತಿಸಲು ಬ್ಯಾಂಕುಗಳಿಗೆ 2023ರವರೆಗೆ ಇದ್ದ ಮಿತಿ ಶೇ 25. ಸಂಬಂಧಿಕರ ಹೆಸರು ಕಂಡು, ಕಂಪನಿ ಅವರ ಹಿಡಿತದಲ್ಲಿದ್ದರೆ, ದರ ಹೊರಗಿನವರಿಗೆ ಹಾಕುವಷ್ಟೇ ಇದೆಯೇ ಎಂದು ತೋರಿಸುವ ಟ್ರಾನ್ಸ್‌ಫರ್ ಪ್ರೈಸಿಂಗ್ ವರದಿ ಆಗಲೇಬೇಕು. ಪಟ್ಟಿ ಕೊಡದೆ ಬೇರೆ ಆಡಿಟರ್ ಹುಡುಕಿಕೊಂಡು ಹೋದವರೂ ಇದ್ದಾರೆ.